ಹಿರಿಯರ ರಿಪೋರ್ಟ್‌ನಲ್ಲಿ 'ಪ್ರಿಡಯಾಬಿಟಿಸ್' ಎಂದಿದ್ದರೆ ಏನರ್ಥ, ಏನು ಮಾಡಬೇಕು?

ಕಣ್ಣಿನ ಆಪರೇಷನ್‌ಗೆ ಮುಂಚೆ ಅಂತಲೋ, ವರ್ಷಕ್ಕೊಮ್ಮೆ ಮಾಡಿಸುವ ಚೆಕಪ್ ಅಂತಲೋ ಮನೆಯ ಹಿರಿಯರಿಗೆ ರಕ್ತ ಪರೀಕ್ಷೆ ಮಾಡಿಸಿರುತ್ತೀರಿ. ರಿಪೋರ್ಟ್ ಬರುತ್ತದೆ. ಫಾಸ್ಟಿಂಗ್ ಶುಗರ್ 112. ಅಂಕಿ ದಪ್ಪಕ್ಷರದಲ್ಲಿದೆ, ಪಕ್ಕದಲ್ಲಿ ಜಾಸ್ತಿ ಇದೆ ಎಂದು ತೋರಿಸುವ 'ಎಚ್' ಗುರುತು ಬೇರೆ. ಶುಗರ್ ಬಂದಿದೆಯಾ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಹಾಗಾದರೆ ಇಲ್ವಾ ಅಂದರೆ 'ಬಾರ್ಡರ್‌ನಲ್ಲಿದೆ' ಅನ್ನುತ್ತಾರೆ. ಅಲ್ಲಿಂದ ಮನೆಯಲ್ಲಿ ಎರಡು ಪಕ್ಷ. ಒಬ್ಬರು 'ಈ ವಯಸ್ಸಿಗೆ ಇದೆಲ್ಲ ಮಾಮೂಲು ಬಿಡಿ' ಎಂದು ರಿಪೋರ್ಟನ್ನು ಫೈಲಿಗೆ ಸೇರಿಸಿಬಿಡುತ್ತಾರೆ. ಇನ್ನೊಬ್ಬರು ಅವತ್ತಿನಿಂದಲೇ ಹಿರಿಯರ ತಟ್ಟೆಯಿಂದ ಒಂದೊಂದೇ ಪದಾರ್ಥ ಎತ್ತಿಡಲು ಶುರು ಮಾಡುತ್ತಾರೆ.

ಮೊದಲನೆಯದು ತಪ್ಪು ಎಂದು ಎಲ್ಲರಿಗೂ ಗೊತ್ತು. ಎರಡನೆಯದೂ ಅಷ್ಟೇ ತೊಂದರೆ ಕೊಡಬಹುದು, ಅದರಲ್ಲೂ 70 ದಾಟಿದವರಿಗೆ. ಯಾಕೆ ಅನ್ನುವುದು ಗೊತ್ತಾಗಬೇಕಾದರೆ ಈ 112 ಎಂಬ ಅಂಕಿ ಏನನ್ನು ಅಳೆಯುತ್ತಿದೆ ಎನ್ನುವಲ್ಲಿಂದ ಶುರು ಮಾಡಬೇಕು.

ರಕ್ತದಲ್ಲಿರುವ ಸಕ್ಕರೆ ಎಷ್ಟು?

ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ, ಅಂದರೆ 100 ಮಿಲಿಲೀಟರ್‌ನಲ್ಲಿ, 100 ಮಿಲಿಗ್ರಾಂ ಗ್ಲೂಕೋಸ್ ಇದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಇಡೀ ರಕ್ತದಲ್ಲಿ ಇರುವುದು 5 ಗ್ರಾಂ. ಹೆಚ್ಚುಕಡಿಮೆ ಒಂದು ಟೀ ಚಮಚ, ಅಷ್ಟೇ. ಇದೇ ಅಂಕಿ 126ಕ್ಕೆ ಏರಿದರೆ ಅದಕ್ಕೆ ಡಯಾಬಿಟಿಸ್ ಎಂದು ಹೆಸರು. ಆಗಲೂ ಜಾಸ್ತಿಯಾಗಿರುವುದು ಕಾಲು ಚಮಚ ಮಾತ್ರ. ಆದರೆ ಆ ಕಾಲು ಚಮಚ ವರ್ಷಗಟ್ಟಲೆ ಇಳಿಯದೆ ನಿಂತರೆ ಕಣ್ಣು, ಮೂತ್ರಪಿಂಡ, ನರಗಳ ಸಣ್ಣ ಸಣ್ಣ ರಕ್ತನಾಳಗಳು ಹಾಳಾಗುತ್ತವೆ.

ಒಂದು ಊಟದಿಂದ ಇದರ ಹತ್ತು ಪಟ್ಟು ಸಕ್ಕರೆ ರಕ್ತಕ್ಕೆ ಬರುತ್ತದೆ. ಆದರೂ ಆರೋಗ್ಯವಂತರಲ್ಲಿ ಎರಡು ಮೂರು ಗಂಟೆಯಲ್ಲಿ ಎಲ್ಲ ಮೊದಲಿನಂತಾಗುತ್ತದೆ. ಇದನ್ನು ಮಾಡಿಸುವುದು ಇನ್ಸುಲಿನ್, ಮೇದೋಜೀರಕ ಗ್ರಂಥಿಯಿಂದ ಹೊರಡುವ ಹಾರ್ಮೋನು. ಅದು ಸ್ನಾಯು, ಯಕೃತ್ತು, ಕೊಬ್ಬಿನ ಕೋಶಗಳ ಬಾಗಿಲಲ್ಲಿ ನಿಂತು ಕಾಲಿಂಗ್ ಬೆಲ್ ಒತ್ತುತ್ತದೆ, ಒಳಗಿದ್ದವರು ಬಾಗಿಲು ತೆಗೆಯುತ್ತಾರೆ, ಸಕ್ಕರೆ ಒಳಗೆ ಹೋಗುತ್ತದೆ. ವರ್ಷ ಕಳೆದ ಹಾಗೆ ಒಳಗಿನವರಿಗೆ ಕಿವಿ ಮಂದವಾಗುತ್ತಾ ಬರುತ್ತದೆ. ಒಂದು ಸಲಕ್ಕೆ ಬಾಗಿಲು ತೆಗೆಯುವುದಿಲ್ಲ, ಎರಡು ಮೂರು ಸಲ ಒತ್ತಬೇಕು, ಅಂದರೆ ಇನ್ಸುಲಿನ್ ಜಾಸ್ತಿ ಬೇಕು. ಇದಕ್ಕೇ ಇನ್ಸುಲಿನ್ ಪ್ರತಿರೋಧ ಅನ್ನುತ್ತಾರೆ.

ಎಷ್ಟೋ ವರ್ಷ ಗ್ರಂಥಿ ಜಾಸ್ತಿ ದುಡಿದು ಇದನ್ನು ಸರಿದೂಗಿಸುತ್ತದೆ, ಹಾಗಾಗಿ ರಿಪೋರ್ಟ್ ಚೆನ್ನಾಗಿಯೇ ಬರುತ್ತಿರುತ್ತದೆ. ಒಂದು ಹಂತದಲ್ಲಿ ಅದಕ್ಕೂ ಸುಸ್ತಾಗುತ್ತದೆ. ಸಕ್ಕರೆ ನಿಧಾನವಾಗಿ ಮಾಮೂಲು ಮಟ್ಟಕ್ಕಿಂತ ಮೇಲೆ ನಿಲ್ಲಲು ಶುರುವಾಗುತ್ತದೆ. ಮಾಮೂಲಿಗಿಂತ ಮೇಲೆ, ಡಯಾಬಿಟಿಸ್‌ಗಿಂತ ಕೆಳಗೆ ಇರುವ ಈ ಮಧ್ಯದ ಹಂತವೇ ಪ್ರಿಡಯಾಬಿಟಿಸ್.

ಯಾವ ಪರೀಕ್ಷೆ, ಯಾವ ಅಂಕಿ

ಇದನ್ನು ನೋಡಲು ಮೂರು ಪರೀಕ್ಷೆಗಳಿವೆ.

ಮೊದಲನೆಯದು ಫಾಸ್ಟಿಂಗ್. ಕನಿಷ್ಠ 8 ಗಂಟೆ ಏನೂ ತಿನ್ನದೆ ರಕ್ತ ಕೊಡಬೇಕು, ನೀರು ಕುಡಿಯಬಹುದು. 100ಕ್ಕಿಂತ ಕಡಿಮೆ ಇದ್ದರೆ ಮಾಮೂಲು, 100ರಿಂದ 125ರವರೆಗೆ ಪ್ರಿಡಯಾಬಿಟಿಸ್, 126 ಮತ್ತು ಮೇಲೆ ಡಯಾಬಿಟಿಸ್. ಇದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಇಟ್ಟುಕೊಂಡಿರುವ ಗೆರೆ. ಮೊದಲು ಅವರೂ 110ರಿಂದಲೇ ಲೆಕ್ಕ ಹಾಕುತ್ತಿದ್ದರು, 2003ರಲ್ಲಿ 100ಕ್ಕೆ ಇಳಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಇವತ್ತಿಗೂ 110ರಲ್ಲೇ ನಿಂತಿದೆ. ಹಾಗಾಗಿ 104 ಬಂದವರಿಗೆ ಒಬ್ಬ ವೈದ್ಯರು ಪ್ರಿಡಯಾಬಿಟಿಸ್ ಅಂದು ಇನ್ನೊಬ್ಬರು ನಾರ್ಮಲ್ ಅಂದರೆ ಗಾಬರಿಯಾಗಬೇಡಿ, ಇಬ್ಬರೂ ಬೇರೆ ಬೇರೆ ಗೆರೆ ನೋಡಿ ಹೇಳುತ್ತಿರಬಹುದು. ಕೆಲವು ದೇಶಗಳ ರಿಪೋರ್ಟ್‌ನಲ್ಲಿ 5.6, 6.1 ಅಂತ ಸಣ್ಣ ಅಂಕಿ ಇರುತ್ತದೆ. ಅದು ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿದರೆ ನಮಗೆ ಪರಿಚಯವಿರುವ ಅಂಕಿ ಸಿಗುತ್ತದೆ.

ಎರಡನೆಯದು ಗ್ಲೂಕೋಸ್ ಕುಡಿದು ಮಾಡಿಸುವ ಪರೀಕ್ಷೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸಿ 2 ಗಂಟೆ ಆದ ಮೇಲೆ ರಕ್ತ ತೆಗೆಯುತ್ತಾರೆ. 140ರಿಂದ 199 ಬಂದರೆ ಮಧ್ಯದ ಹಂತ, 200 ಮತ್ತು ಮೇಲೆ ಡಯಾಬಿಟಿಸ್. ಸಮಯ ಹಿಡಿಯುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಅದಕ್ಕೇ ಇದನ್ನು ಮಾಡಿಸುವವರು ಕಡಿಮೆ. ಆದರೆ ವಯಸ್ಸಾದವರಲ್ಲಿ ಮೊದಲು ಕೆಡುವುದು ಎಷ್ಟೋ ಸಲ ಊಟದ ನಂತರದ ಸಕ್ಕರೆಯೇ. ಫಾಸ್ಟಿಂಗ್ 96 ಇದ್ದು ಇದರಲ್ಲಿ 165 ಬರುವವರೂ ಇದ್ದಾರೆ.

ಮೂರನೆಯದು ಎಚ್‌ಬಿಎ1ಸಿ. ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎನ್ನುವ ಲೆಕ್ಕ ಇದು. ಒಂದು ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಹಾಗಾಗಿ ಈ ಅಂಕಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ನಿನ್ನೆ ರಾತ್ರಿ ಊಟ ಬಿಟ್ಟು ಇದನ್ನು ಕಡಿಮೆ ತೋರಿಸಲು ಆಗುವುದಿಲ್ಲ. ಶೇ. 5.7ಕ್ಕಿಂತ ಕಡಿಮೆ ಮಾಮೂಲು, 5.7ರಿಂದ 6.4 ಪ್ರಿಡಯಾಬಿಟಿಸ್, 6.5 ಮತ್ತು ಮೇಲೆ ಡಯಾಬಿಟಿಸ್.

ಮೂರೂ ಪರೀಕ್ಷೆ ಒಂದೇ ಉತ್ತರ ಕೊಡಬೇಕೆಂದೇನೂ ಇಲ್ಲ. ಒಂದು ರಾತ್ರಿಯೆಲ್ಲ ಯಕೃತ್ತು ಬಿಡುವ ಸಕ್ಕರೆಯನ್ನು ನೋಡುತ್ತದೆ, ಇನ್ನೊಂದು ಊಟದ ನಂತರದ್ದನ್ನು, ಮತ್ತೊಂದು ಸರಾಸರಿಯನ್ನು.

ವಯಸ್ಸಿಗೂ ಇದಕ್ಕೂ ಏನು ಸಂಬಂಧ?

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಅಲ್ಲಿ 65 ದಾಟಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಪ್ರಿಡಯಾಬಿಟಿಸ್ ಇದೆ ಎಂದು ಲೆಕ್ಕ ಹಾಕಿದೆ. ಎಲ್ಲ ವಯಸ್ಸಿನ ವಯಸ್ಕರನ್ನು ಸೇರಿಸಿ ನೋಡಿದರೆ, ಈ ಹಂತದಲ್ಲಿರುವ 10 ಜನರಲ್ಲಿ 8 ಜನರಿಗೆ ತಮಗೆ ಹೀಗಿದೆ ಎಂದೇ ಗೊತ್ತಿಲ್ಲ.

ವಯಸ್ಸಾದಂತೆ ಇದು ಏರಲು ಮುಖ್ಯ ಕಾರಣ ಸ್ನಾಯು. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಸ್ನಾಯುಗಳೇ, ಅದರಲ್ಲೂ ತೊಡೆ, ಪೃಷ್ಠದಂತಹ ದೊಡ್ಡ ಸ್ನಾಯುಗಳು. 30 ದಾಟಿದ ಮೇಲೆ ಸ್ನಾಯು ಸ್ವಲ್ಪ ಸ್ವಲ್ಪವೇ ಕರಗುತ್ತದೆ, 60ರ ನಂತರ ಇನ್ನೂ ಬೇಗ. ತೂಕದ ಯಂತ್ರ ಇದನ್ನು ಹೇಳುವುದಿಲ್ಲ. 40ರಲ್ಲೂ 62 ಕೆಜಿ, 70ರಲ್ಲೂ 62 ಕೆಜಿ ಇರಬಹುದು, ಆದರೆ ಒಳಗೆ ಸ್ನಾಯು ಹೋಗಿ ಅಷ್ಟೇ ಕೊಬ್ಬು ಬಂದು ಕೂತಿರುತ್ತದೆ. ತೆಳ್ಳಗಿನ ಕೈಕಾಲು, ಮುಂದಕ್ಕೆ ಬಂದ ಹೊಟ್ಟೆ: ಈ ಮೈಕಟ್ಟು ಹಿರಿಯರಲ್ಲಿ ಎಷ್ಟು ಸಾಮಾನ್ಯ ಅಲ್ವಾ? 'ನಾನು ದಪ್ಪ ಇಲ್ಲ, ನನಗೆ ಶುಗರ್ ಹೇಗೆ ಬರುತ್ತೆ' ಎನ್ನುವವರಿಗೆ ಉತ್ತರ ಇಲ್ಲೇ ಇದೆ. ಹೊಟ್ಟೆಯ ಒಳಗೆ, ಯಕೃತ್ತಿನ ಸುತ್ತ ಸೇರಿಕೊಳ್ಳುವ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ.

ಅದರ ಜೊತೆ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಶಕ್ತಿಯೂ ವಯಸ್ಸಿನೊಂದಿಗೆ ತಗ್ಗುತ್ತದೆ. ಮಂಡಿ ನೋವು ಅಂತ ಓಡಾಟ ಕಡಿಮೆಯಾಗಿರುತ್ತದೆ, ನಿದ್ದೆ ಸರಿ ಬರುತ್ತಿರುವುದಿಲ್ಲ. ತಂದೆ ತಾಯಿ, ಒಡಹುಟ್ಟಿದವರಿಗೆ ಡಯಾಬಿಟಿಸ್ ಇದ್ದರೆ, ಬಸುರಿಯಾಗಿದ್ದಾಗ ಶುಗರ್ ಬಂದಿದ್ದರೆ ಸಾಧ್ಯತೆ ಇನ್ನಷ್ಟು ಜಾಸ್ತಿ.

ಔಷಧಿಗಳನ್ನೂ ಮರೆಯಬಾರದು. ಉಬ್ಬಸಕ್ಕೋ ಕೀಲು ನೋವಿಗೋ ಕೊಡುವ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್‌ಗಳು ಸಕ್ಕರೆಯನ್ನು ಚೆನ್ನಾಗಿಯೇ ಏರಿಸುತ್ತವೆ. ಬಿಪಿಗೆ ಕೊಡುವ ಥಯಾಜೈಡ್ ಗುಂಪಿನ ಮಾತ್ರೆ, ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಕೂಡ ಸ್ವಲ್ಪ ಏರಿಸಬಹುದು. ಹಾಗಂತ ಇವನ್ನು ನೀವೇ ನಿಲ್ಲಿಸಿಬಿಡಬೇಡಿ. ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳಿಂದ ಹೃದಯಕ್ಕೆ ಆಗುವ ಉಪಕಾರ ಈ ಸಣ್ಣ ಏರಿಕೆಗಿಂತ ಬಹಳ ದೊಡ್ಡದು. ವೈದ್ಯರ ಹತ್ತಿರ ಹೋಗುವಾಗ ಮಾತ್ರೆಗಳ ಪಟ್ಟಿಯನ್ನೂ ತೆಗೆದುಕೊಂಡು ಹೋದರೆ ಸಾಕು.

ಮೈಗೆ ಏನೂ ಗೊತ್ತಾಗುವುದಿಲ್ಲ, ಯಾಕೆ?

ಶುಗರ್ ಅಂದರೆ ಪದೇ ಪದೇ ಮೂತ್ರ, ಬಾಯಾರಿಕೆ, ಮೂತ್ರಕ್ಕೆ ಇರುವೆ ಮುತ್ತುವುದು ಎಂದು ಕೇಳಿರುತ್ತೀರಿ. ಅದೆಲ್ಲ ಆಗುವುದು ಸಕ್ಕರೆ ಮೂತ್ರಕ್ಕೆ ಸೋರಿದಾಗ. ಮೂತ್ರಪಿಂಡಗಳು ಸುಮಾರು 180ರವರೆಗೂ ಸಕ್ಕರೆಯನ್ನು ಹೊರಗೆ ಬಿಡದೆ ವಾಪಸ್ ಹೀರಿಕೊಳ್ಳುತ್ತವೆ. ಫಾಸ್ಟಿಂಗ್ 112 ಇರುವವರ ಮೂತ್ರದಲ್ಲಿ ಸಾಮಾನ್ಯವಾಗಿ ಸಕ್ಕರೆಯೇ ಇರುವುದಿಲ್ಲ.

ವಯಸ್ಸಾದವರಲ್ಲಿ ಈ 180ರ ಗೆರೆ ಇನ್ನೂ ಮೇಲಕ್ಕೆ ಹೋಗಿರುತ್ತದೆ. ಬಾಯಾರಿಕೆ ಆಗುವುದೂ ಕಡಿಮೆ. ರಾತ್ರಿ ಎರಡು ಮೂರು ಸಲ ಏಳುತ್ತಿದ್ದರೆ ಅದನ್ನು ಪ್ರಾಸ್ಟೇಟ್‌ಗೋ ಬಿಪಿ ಮಾತ್ರೆಗೋ ವಯಸ್ಸಿಗೋ ಜಮಾ ಮಾಡಿಬಿಡುತ್ತೇವೆ. ಹೀಗಾಗಿ ಮಧ್ಯದ ಹಂತವಷ್ಟೇ ಅಲ್ಲ, ನಿಜವಾದ ಡಯಾಬಿಟಿಸ್ ಬಂದರೂ ಹಿರಿಯರಿಗೆ ತಡವಾಗಿ ಗೊತ್ತಾಗುತ್ತದೆ. ಕೆಲವರಿಗೆ ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದು ಇನ್ಸುಲಿನ್ ಪ್ರತಿರೋಧದ ಗುರುತು. ಎಲ್ಲರಿಗೂ ಬರುವಂಥದ್ದಲ್ಲ. ಹಾಗಾಗಿ ಪರೀಕ್ಷೆ ಬಿಟ್ಟರೆ ಇದನ್ನು ಕಂಡುಹಿಡಿಯಲು ಬೇರೆ ದಾರಿ ಇಲ್ಲ.

ಅಂಕಿಯೇ ತಪ್ಪಿರಬಹುದಾ?

ಇರಬಹುದು. ಇದನ್ನು ಹೆಚ್ಚಿನವರು ಹೇಳುವುದಿಲ್ಲ, ಆದರೆ ಹಿರಿಯರ ಮಟ್ಟಿಗೆ ಇದು ಮುಖ್ಯ.

ಎಚ್‌ಬಿಎ1ಸಿ ಕೆಂಪು ಕಣಗಳ ಮೇಲೆ ನಿಂತಿರುವ ಪರೀಕ್ಷೆ. ಕಣಗಳ ಆಯಸ್ಸು ಏರುಪೇರಾದರೆ ಅಂಕಿಯೂ ಏರುಪೇರು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಸಕ್ಕರೆ ಸರಿಯಾಗಿದ್ದರೂ ಎಚ್‌ಬಿಎ1ಸಿ ಸ್ವಲ್ಪ ಜಾಸ್ತಿ ತೋರಿಸಬಹುದು. ಇತ್ತೀಚೆಗೆ ರಕ್ತ ಹೋಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಕಡಿಮೆ ತೋರಿಸಬಹುದು. ಮೂತ್ರಪಿಂಡದ ಕಾಯಿಲೆ ಜೋರಾಗಿದ್ದರೂ ನಂಬುವ ಹಾಗಿಲ್ಲ. ವಯಸ್ಸಾದವರಲ್ಲಿ ಇವು ಯಾವುದೂ ಅಪರೂಪವಲ್ಲ. ಆದ್ದರಿಂದ ಎಚ್‌ಬಿಎ1ಸಿ 5.9 ಬಂದಿದೆ ಎಂದಾದರೆ ಅದೇ ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ಒಮ್ಮೆ ಕಣ್ಣು ಹಾಯಿಸಿ.

ಫಾಸ್ಟಿಂಗ್ ಅಂಕಿಯೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಜ್ವರ, ಸೋಂಕು, ಆಪರೇಷನ್, ನಿದ್ದೆಯಿಲ್ಲದ ರಾತ್ರಿ, ಎಲ್ಲವೂ ಏರಿಸುತ್ತವೆ. ಆಸ್ಪತ್ರೆಗೆ ಸೇರಿದ್ದಾಗ ಬಂದ ಅಂಕಿಯನ್ನು ಹಿಡಿದು ತೀರ್ಮಾನ ಮಾಡಬಾರದು, ಚೇತರಿಸಿಕೊಂಡ ಮೇಲೆ ಮತ್ತೆ ನೋಡಬೇಕು. ಇದರ ಉಲ್ಟಾ ಕೂಡ ಆಗುತ್ತದೆ. ರಕ್ತ ತೆಗೆದ ಟ್ಯೂಬನ್ನು ಸುಮ್ನೆ ಹಾಗೇ ಇಟ್ಟರೆ ಅದರೊಳಗಿನ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು ಇಳಿಯುತ್ತದೆ. ಬೆಳಿಗ್ಗೆ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗಿ ಮಧ್ಯಾಹ್ನ ಪರೀಕ್ಷೆ ಮಾಡಿದರೆ 110 ಇದ್ದದ್ದು ನೂರರ ಒಳಗೆ ಬಂದರೂ ಬರಬಹುದು.

ಮನೆಯ ಗ್ಲೂಕೋಮೀಟರ್ ಬಗ್ಗೆ ಒಂದು ಮಾತು. ಒಳ್ಳೆಯ ಮೀಟರ್‌ಗೂ ಶೇ. 15ರಷ್ಟು ಹೆಚ್ಚುಕಡಿಮೆ ತೋರಿಸಲು ಅಂತಾರಾಷ್ಟ್ರೀಯ ನಿಯಮದಲ್ಲೇ ಅವಕಾಶ ಇದೆ. ನಿಜವಾದ ಅಂಕಿ 108 ಇದ್ದಾಗ ಅದು 95 ತೋರಿಸಿದರೂ ಸರಿ, 120 ತೋರಿಸಿದರೂ ಸರಿ. ಡಯಾಬಿಟಿಸ್ ಇರುವವರು ಏರಿಳಿತ ನೋಡಿಕೊಳ್ಳಲು ಅದು ಸಾಕು, ಪ್ರಿಡಯಾಬಿಟಿಸ್ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಸಾಲದು. ಪ್ರತಿದಿನ ಬೆರಳು ಚುಚ್ಚಿ ಬರೆದಿಡುವ ಅಗತ್ಯ ಈ ಹಂತದಲ್ಲಿ ಹೆಚ್ಚಿನವರಿಗೆ ಇಲ್ಲ.

ಮುಂದೆ ಶುಗರ್ ಬಂದೇ ಬರುತ್ತದಾ?

ಇಲ್ಲ. ಹಿರಿಯರ ಮಟ್ಟಿಗೆ ಇದಕ್ಕೆ ಒಳ್ಳೆಯ ಉತ್ತರವೇ ಇದೆ. ಅಮೆರಿಕದಲ್ಲಿ ಬಹಳ ವರ್ಷಗಳಿಂದ ನಡೆಯುತ್ತಿರುವ ಎಆರ್‌ಐಸಿ ಎಂಬ ಅಧ್ಯಯನದಲ್ಲಿ ಡಯಾಬಿಟಿಸ್ ಇಲ್ಲದ 3,412 ಹಿರಿಯರನ್ನು ಸುಮಾರು ಆರೂವರೆ ವರ್ಷ ಹಿಂಬಾಲಿಸಿದರು. ಅವರ ಸರಾಸರಿ ವಯಸ್ಸು 75ರ ಮೇಲೆ. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಚ್‌ಬಿಎ1ಸಿ 5.7ರಿಂದ 6.4 ಇದ್ದವರಲ್ಲಿ ಡಯಾಬಿಟಿಸ್‌ಗೆ ಹೋದವರು ಶೇ. 9, ಮಾಮೂಲು ಮಟ್ಟಕ್ಕೆ ವಾಪಸ್ ಬಂದವರು ಶೇ. 13. ಫಾಸ್ಟಿಂಗ್ 100ರಿಂದ 125 ಇದ್ದವರಲ್ಲಿ ಡಯಾಬಿಟಿಸ್ ಆದವರು ಶೇ. 8, ಮಾಮೂಲಿಗೆ ಬಂದವರು ಶೇ. 44. ಎರಡೂ ಗುಂಪಿನಲ್ಲಿ ಡಯಾಬಿಟಿಸ್ ಬಂದವರಿಗಿಂತ ಬೇರೆ ಬೇರೆ ಕಾರಣಕ್ಕೆ ತೀರಿಕೊಂಡವರೇ ಜಾಸ್ತಿ.

ಅಂದರೆ 78 ವರ್ಷದವರಿಗೆ 106 ಬಂದಿದೆ ಎಂದು ಮನೆಯವರೆಲ್ಲ ತಲೆ ಮೇಲೆ ಕೈ ಹೊತ್ತು ಕೂರುವ ಅಗತ್ಯವಿಲ್ಲ. 45ರಲ್ಲಿ ಬಂದ ಪ್ರಿಡಯಾಬಿಟಿಸ್‌ಗೂ ಇದಕ್ಕೂ ವ್ಯತ್ಯಾಸವಿದೆ, ಅವರ ಮುಂದೆ ಇನ್ನೂ ಮೂವತ್ತು ನಲವತ್ತು ವರ್ಷ ಇದೆ. ಹಾಗೆಯೇ ಮಧ್ಯದ ಹಂತದೊಳಗೂ ಎಲ್ಲರೂ ಒಂದೇ ಅಲ್ಲ. 102 ಇರುವವರಿಗೂ 123 ಇರುವವರಿಗೂ, 5.7ಕ್ಕೂ 6.3ಕ್ಕೂ ದೂರ ಬಹಳ. ಮೇಲಿನ ತುದಿಯಲ್ಲಿರುವವರು, ಎರಡೆರಡು ಪರೀಕ್ಷೆಯಲ್ಲೂ ಜಾಸ್ತಿ ಬಂದವರು ಹುಷಾರಾಗಿರಬೇಕು.

ಇನ್ನೊಂದು ವಿಷಯ ಹೃದಯದ್ದು. ಪ್ರಿಡಯಾಬಿಟಿಸ್ ಇರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಸ್ವಲ್ಪ ಜಾಸ್ತಿ ಕಾಣುತ್ತವೆ. ಯಾಕೆಂದರೆ ಏರಿದ ಸಕ್ಕರೆ ಒಂಟಿಯಾಗಿ ಬರುವುದು ಕಡಿಮೆ, ಜೊತೆಗೆ ಬಿಪಿ, ಕೊಲೆಸ್ಟ್ರಾಲ್, ಹೊಟ್ಟೆಯ ಕೊಬ್ಬು ಇರುತ್ತವೆ. ನನ್ನನ್ನು ಕೇಳಿದರೆ, 108 ಎಂಬ ಅಂಕಿಯಿಂದ ಹಿರಿಯರಿಗೆ ಆಗುವ ದೊಡ್ಡ ಲಾಭ ಇದೇ: ಆ ನೆಪದಲ್ಲಾದರೂ ಬಿಪಿ ಮಾತ್ರೆ ಸರಿಯಾಗಿ ನುಂಗುತ್ತಿದ್ದಾರಾ, ಬೀಡಿ ಸಿಗರೇಟು ಬಿಟ್ಟಿದ್ದಾರಾ ಎಂದು ಯಾರಾದರೂ ಕೇಳುತ್ತಾರೆ.

ಕೆಳಗೆ ಇಳಿಸಲು ಏನು ಕೆಲಸ ಮಾಡುತ್ತದೆ?

2002ರಲ್ಲಿ ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಪ್ರಯೋಗದ ಫಲಿತಾಂಶ ಬಂತು. ಡಯಾಬಿಟಿಸ್‌ನ ಅಂಚಿನಲ್ಲಿದ್ದ, ತೂಕ ಜಾಸ್ತಿ ಇದ್ದ 3,234 ಜನರನ್ನು ಗುಂಪು ಮಾಡಿದರು. ಒಂದು ಗುಂಪಿಗೆ ಊಟ ಮತ್ತು ನಡಿಗೆಯ ಗುರಿ: ತೂಕದಲ್ಲಿ ಶೇ. 7 ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು. ಇನ್ನೊಂದು ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರೆ. ಮತ್ತೊಂದಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ. ಸುಮಾರು ಮೂರು ವರ್ಷದಲ್ಲಿ, ಹುಸಿ ಮಾತ್ರೆಯವರಿಗೆ ಹೋಲಿಸಿದರೆ ಊಟ ಮತ್ತು ನಡಿಗೆಯ ಗುಂಪಿನಲ್ಲಿ ಡಯಾಬಿಟಿಸ್ ಶೇ. 58ರಷ್ಟು ಕಡಿಮೆ ಬಂತು, ಮಾತ್ರೆಯ ಗುಂಪಿನಲ್ಲಿ ಶೇ. 31.

60 ದಾಟಿದವರನ್ನು ಮಾತ್ರ ತೆಗೆದು ನೋಡಿದಾಗ ಊಟ ಮತ್ತು ನಡಿಗೆಯ ಫಲ ಶೇ. 71ಕ್ಕೆ ಏರಿತು. ಅದೇ ವಯಸ್ಸಿನವರಲ್ಲಿ ಮಾತ್ರೆಯಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ವಯಸ್ಸಾದ ಮೇಲೆ ಇನ್ನೇನು ಬದಲಾಗುತ್ತದೆ ಅನ್ನುವವರಿಗೆ ತೋರಿಸಬೇಕಾದ ಅಂಕಿ ಇದು.

ನಡಿಗೆ ಯಾಕೆ ಕೆಲಸ ಮಾಡುತ್ತದೆ? ಸ್ನಾಯು ದುಡಿಯುತ್ತಿರುವಾಗ ಇನ್ಸುಲಿನ್ ಕರೆಗೆ ಕಾಯದೆ ತಾನಾಗಿಯೇ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳುತ್ತದೆ. ನಡೆದು ನಿಲ್ಲಿಸಿದ ಮೇಲೂ ಎಷ್ಟೋ ಗಂಟೆ ಇನ್ಸುಲಿನ್‌ಗೆ ಬೇಗ ಸ್ಪಂದಿಸುತ್ತದೆ. ಹಾಗಾಗಿ ಯಾವಾಗ ನಡೆಯುತ್ತೀರಿ ಅನ್ನುವುದೂ ಮುಖ್ಯ. 2013ರಲ್ಲಿ 60 ದಾಟಿದ 10 ಜನರ ಮೇಲೆ ಒಂದು ಸಣ್ಣ ಅಧ್ಯಯನ ನಡೆಯಿತು. ಮೂರು ಹೊತ್ತಿನ ಊಟದ ನಂತರ 15 ನಿಮಿಷ ನಡೆದಾಗ ಇಡೀ ದಿನದ ಸಕ್ಕರೆ ಚೆನ್ನಾಗಿ ಇಳಿಯಿತು. ರಾತ್ರಿ ಊಟದ ನಂತರ ಏರುವ ಸಕ್ಕರೆಯನ್ನು ಇಳಿಸುವುದರಲ್ಲಂತೂ ಇದು ಒಂದೇ ಸಲ 45 ನಿಮಿಷ ನಡೆಯುವುದಕ್ಕಿಂತ ಮೇಲಾಗಿತ್ತು. ಹತ್ತು ಜನರ ಲೆಕ್ಕ ಸಣ್ಣದೇ. ಆದರೂ ಒಂದೇ ಉಸಿರಿಗೆ ಮುಕ್ಕಾಲು ಗಂಟೆ ನಡೆಯಲಾಗದವರಿಗೆ ಇದು ದೊಡ್ಡ ಅನುಕೂಲ. ಹೊರಗೆ ಕತ್ತಲಿದ್ದರೆ, ನೆಲ ಸರಿಯಿಲ್ಲದಿದ್ದರೆ ಮನೆಯೊಳಗೇ ಓಡಾಡಿದರೂ ಆಯಿತು.

ನಡಿಗೆ ಒಂದೇ ಸಾಲದು, ಸ್ನಾಯುವಿಗೆ ಭಾರ ಬೀಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯ ಪ್ರಕಾರ 65 ದಾಟಿದವರು ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, 3 ದಿನ ಸಮತೋಲನದ ವ್ಯಾಯಾಮ ಮಾಡಬೇಕು. ಇದಕ್ಕೆ ಜಿಮ್‌ ಬೇಕಿಲ್ಲ. ಕೈ ಇರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ, ಜಾರಬಾರದು. ಮುಂದಕ್ಕೆ ಸರಿದು ಅಂಚಿನ ಹತ್ತಿರ ಕೂತು ಎರಡೂ ಪಾದಗಳನ್ನು ಸ್ವಲ್ಪ ಅಗಲಿಸಿ ನೆಲಕ್ಕೆ ಊರಿ. ಮೈ ಮುಂದಕ್ಕೆ ಬಾಗಿಸಿ, ತೊಡೆಯ ಬಲದಿಂದ ಎದ್ದು ನೆಟ್ಟಗೆ ನಿಲ್ಲಿ. ಕೂರುವಾಗ ಧಡಕ್ಕನೆ ಬೀಳಬೇಡಿ, ಮೂರರವರೆಗೆ ಎಣಿಸುತ್ತಾ ನಿಧಾನವಾಗಿ ಇಳಿಯಿರಿ. ಆ ಇಳಿಯುವಾಗಲೂ ತೊಡೆ ದುಡಿಯುತ್ತದೆ. ಮೊದಮೊದಲು ಕುರ್ಚಿಯ ಕೈ ಹಿಡಿದುಕೊಂಡೇ ಎದ್ದರೂ ಪರವಾಗಿಲ್ಲ, ಉಸಿರು ಮಾತ್ರ ಕಟ್ಟಬಾರದು. ಐದು ಸಲದಿಂದ ಶುರು ಮಾಡಿ ವಾರ ವಾರ ಒಂದೊಂದು ಹೆಚ್ಚಿಸಿಕೊಂಡು ಹೋಗಬಹುದು. ಎದೆನೋವು, ತಲೆಸುತ್ತು, ಇತ್ತೀಚೆಗೆ ಬಿದ್ದದ್ದು ಇದ್ದರೆ ಮೊದಲು ವೈದ್ಯರನ್ನು ಕೇಳಿ.

ವ್ಯಾಯಾಮ ಮಾಡಿದರೆ 'ಲೋ ಶುಗರ್' ಆಗಿಬಿಡುತ್ತದೆ ಎಂಬ ಭಯ ಬಹಳ ಜನಕ್ಕಿದೆ. ಶುಗರ್ ಇಳಿಸುವ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳದವರಿಗೆ ನಡಿಗೆಯಿಂದ ಹಾಗಾಗುವುದು ತೀರಾ ಅಪರೂಪ.

ತಟ್ಟೆಯಿಂದ ಏನು ತೆಗೆಯಬೇಕು, ಏನು ತೆಗೆಯಬಾರದು

ಮನೆಯವರು ಪ್ರೀತಿಯಿಂದಲೇ ಎಡವುವುದು ಇಲ್ಲಿ. ಸಕ್ಕರೆ ತೆಗೆದರು, ಸರಿ. ಆಮೇಲೆ ಅನ್ನ ಅರ್ಧ, ರಾತ್ರಿ ಊಟವೇ ಬೇಡ, ಹಣ್ಣು ಬೇಡ, ಹಾಲು ಬೇಡ. ಮೂರು ತಿಂಗಳಲ್ಲಿ ಹಿರಿಯರು ನಾಲ್ಕು ಕೆಜಿ ಇಳಿದಿರುತ್ತಾರೆ, ಫಾಸ್ಟಿಂಗ್ 98 ಬಂದಿರುತ್ತದೆ, ಎಲ್ಲರಿಗೂ ಖುಷಿ. ಆದರೆ ವಯಸ್ಸಾದವರು ಹೊಟ್ಟೆಗೆ ಕಡಿಮೆ ಹಾಕಿ ತೂಕ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಸಕ್ಕರೆಯನ್ನು ಎಳೆದುಕೊಳ್ಳಬೇಕಾದ ಸ್ನಾಯುವೇ ಹೋದರೆ ಮುಂದಿನ ವರ್ಷದ ಕಥೆ ಏನು? ಕಾಲಿನ ಬಲ ಕಡಿಮೆಯಾಗಿ ಬಿದ್ದು ಸೊಂಟದ ಮೂಳೆ ಮುರಿದರಂತೂ ಆ ಪೆಟ್ಟು ಫಾಸ್ಟಿಂಗ್ 112ಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಆದ್ದರಿಂದ ತೂಕ ನಿಜವಾಗಿಯೂ ಜಾಸ್ತಿ ಇರುವವರು, ಹೊಟ್ಟೆ ಮುಂದೆ ಬಂದಿರುವವರು ಮಾತ್ರ ಇಳಿಸಬೇಕು, ಅದೂ ನಿಧಾನವಾಗಿ, ವ್ಯಾಯಾಮದ ಜೊತೆಗೆ. 70 ಕೆಜಿ ಇರುವವರಿಗೆ ಶೇ. 7 ಅಂದರೆ 5 ಕೆಜಿ. ಮೊದಲೇ ತೆಳ್ಳಗಿರುವವರು ತೂಕ ಇಳಿಸಲೇಬಾರದು.

ತೆಗೆಯಬಹುದಾದದ್ದು ಯಾವುದು? ಸಕ್ಕರೆ ಹಾಕಿದ ಪಾನೀಯ, ಹಣ್ಣಿನ ಜ್ಯೂಸ್, ಪದೇ ಪದೇ ಬಾಯಿಗೆ ಹೋಗುವ ಬಿಸ್ಕತ್ತು, ಸಿಹಿ ತಿಂಡಿ. ಹಣ್ಣನ್ನು ಹಣ್ಣಾಗಿಯೇ ತಿಂದರೆ ಅದರ ನಾರಿನಿಂದ ಸಕ್ಕರೆ ನಿಧಾನವಾಗಿ ಏರುತ್ತದೆ, ಜ್ಯೂಸ್ ಮಾಡಿದರೆ ಎರಡು ಮೂರು ಹಣ್ಣಿನ ಸಕ್ಕರೆ ಒಂದೇ ಲೋಟದಲ್ಲಿ ಇಳಿಯುತ್ತದೆ. ಬೆಲ್ಲ, ಜೇನುತುಪ್ಪ ಆರೋಗ್ಯಕ್ಕೆ ಒಳ್ಳೆಯದು ಅಂತ ಧಾರಾಳವಾಗಿ ಹಾಕಿಕೊಂಡರೆ ಪ್ರಯೋಜನವಿಲ್ಲ, ರಕ್ತಕ್ಕೆ ಅವೂ ಸಕ್ಕರೆಯೇ.

ಸೇರಿಸಬೇಕಾದದ್ದು ಪ್ರೋಟೀನ್. ಹಿರಿಯರಿಗೆ ದಿನಕ್ಕೆ ತೂಕದ ಪ್ರತಿ ಕೆಜಿಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎನ್ನುವುದು ತಜ್ಞರ ಸಲಹೆ. 60 ಕೆಜಿ ಇದ್ದರೆ 60ರಿಂದ 72 ಗ್ರಾಂ. ಬೇಳೆಕಾಳು, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ, ಯಾರಿಗೆ ಯಾವುದು ಒಗ್ಗುತ್ತದೋ ಅದು. ಹಲ್ಲಿಲ್ಲ, ಅಗಿಯಲು ಆಗುವುದಿಲ್ಲ ಎಂದು ಮೆತ್ತನೆಯ ಗಂಜಿಯಲ್ಲೇ ದಿನ ಕಳೆಯುವವರಿಗೆ ಇದು ಸಿಗುತ್ತಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಶುಗರ್ ಸಮಸ್ಯೆ ಅರ್ಧ ಹಲ್ಲಿನ ಸಮಸ್ಯೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಊಟಕ್ಕೆ ಕೂತಾಗ ತರಕಾರಿ, ಕಾಳು ಮೊದಲು ತಿಂದು ಅನ್ನ, ರೊಟ್ಟಿಯಂಥದ್ದನ್ನು ಕೊನೆಗೆ ತಿಂದರೂ ಸಕ್ಕರೆ ಸ್ವಲ್ಪ ನಿಧಾನವಾಗಿ ಏರುತ್ತದೆ. ಏನನ್ನೂ ಬಿಡದೆ ಮಾಡಬಹುದಾದ ಬದಲಾವಣೆ ಇದು.

ಮಾತ್ರೆ ಬೇಕಾ?

ಹೆಚ್ಚಿನ ಹಿರಿಯರಿಗೆ ಬೇಕಾಗುವುದಿಲ್ಲ. ಪ್ರಿಡಯಾಬಿಟಿಸ್‌ಗೆ ಮೆಟ್‌ಫಾರ್ಮಿನ್ ಕೊಡುವುದಿದ್ದರೆ ಅದರಿಂದ ಜಾಸ್ತಿ ಉಪಯೋಗ 60ರ ಒಳಗಿನವರಿಗೆ, ತೂಕ ಬಹಳ ಇರುವವರಿಗೆ, ಬಸುರಿಯಾಗಿದ್ದಾಗ ಶುಗರ್ ಬಂದಿದ್ದವರಿಗೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ತಾವಾಗಿ ಬಿಡುವುದು ಬೇಡ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ವಿಟಮಿನ್ ಬಿ12 ಕಡಿಮೆಯಾಗಬಹುದು, ಪಾದ ಜೋಮು ಹಿಡಿಯುವುದು ಅದರಿಂದಲೂ ಆಗಬಹುದು, ಅದನ್ನೂ ಪರೀಕ್ಷಿಸಿ ಎಂದು ಕೇಳಿ. ಮನೆ ಬಾಗಿಲಿಗೆ ಬರುವ 'ಶುಗರ್ ಪೂರ್ತಿ ವಾಸಿ' ಪುಡಿಗಳ ವಿಷಯದಲ್ಲಿ ಹುಷಾರು. ಒಳಗೇನಿದೆ ಎಂದು ಗೊತ್ತಿಲ್ಲದ್ದನ್ನು ಐದಾರು ಮಾತ್ರೆ ನುಂಗುತ್ತಿರುವ ವಯಸ್ಸಿನಲ್ಲಿ ಸೇರಿಸುವುದು ಅಪಾಯ.

ಮುಂದಿನ ಪರೀಕ್ಷೆ ಯಾವಾಗ

ಮಧ್ಯದ ಹಂತ ಎಂದು ಗೊತ್ತಾದವರು ವರ್ಷಕ್ಕೊಮ್ಮೆ ನೋಡಿಸಿಕೊಂಡರೆ ಸಾಕು, ಮೇಲಿನ ತುದಿಯಲ್ಲಿದ್ದರೆ ವೈದ್ಯರು ಇನ್ನೂ ಬೇಗ ಕರೆಯಬಹುದು. ಪೂರ್ತಿ ಮಾಮೂಲು ಬಂದವರಿಗೆ ಮೂರು ವರ್ಷಕ್ಕೊಮ್ಮೆಯಾದರೂ ನಡೆಯುತ್ತದೆ. ಪ್ರತಿ ಸಲವೂ ಸಾಧ್ಯವಾದರೆ ಅದೇ ಲ್ಯಾಬ್, ಅದೇ ಪರೀಕ್ಷೆ ಇರಲಿ, ಹಳೆಯ ರಿಪೋರ್ಟನ್ನು ಎಸೆಯಬೇಡಿ. 104, 107, 105 ಎಂದು ಮೂರು ವರ್ಷ ಬಂದಿದ್ದಕ್ಕೂ 101, 110, 121 ಎಂದು ಬಂದಿದ್ದಕ್ಕೂ ವೈದ್ಯರು ಬೇರೆ ಬೇರೆ ಉತ್ತರ ಕೊಡುತ್ತಾರೆ.

ವರ್ಷ ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ. ಏನೂ ಪ್ರಯತ್ನ ಮಾಡದೆ ತೂಕ ಇಳಿಯುತ್ತಿದ್ದು ಸಕ್ಕರೆ ಹೊಸದಾಗಿ ಏರಿದ್ದರೆ ಬೇಗ ತೋರಿಸಿ, ಮೇದೋಜೀರಕ ಗ್ರಂಥಿಯನ್ನೇ ಪರೀಕ್ಷಿಸಬೇಕಾಗಬಹುದು. ಸ್ಟೀರಾಯ್ಡ್ ಹೊಸದಾಗಿ ಶುರು ಮಾಡಿದ್ದರೆ, ಗಾಯ ಮಾಯದಿದ್ದರೆ, ಕಣ್ಣು ಇದ್ದಕ್ಕಿದ್ದಂತೆ ಮಂಜಾದರೆ, ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತಿದ್ದರೆ ಮುಂದಿನ ಚೆಕಪ್‌ವರೆಗೆ ತಡೆಯಬೇಡಿ. ಹೋಗುವಾಗ ಹಳೆಯ ರಿಪೋರ್ಟುಗಳು, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಮತ್ತು ಕಳೆದ ವರ್ಷದ ತೂಕ, ಈ ಮೂರು ಕೈಯಲ್ಲಿರಲಿ.